ಅಕ್ಕನ ಬೆರಳಿನ ಜುಮ್ಮು

ನನಗೆ ಬರುವ ದನಿಗಳಲ್ಲಿ ಒಂದನ್ನು ಮಾತ್ರ ನಮ್ಮ ಮನೆಯಲ್ಲಿ ಈಗ ಮಾಡುವಂತಿಲ್ಲ. ಅಜ್ಜಿಯ ಕೆಮ್ಮು ಮಾಡಬಹುದು. ಅಪ್ಪ ಹೊಲದಿಂದ ಬಂದು ಜಗಲಿಯ ಮೇಲೆ ಕೂರುವಾಗ ಮೊಣಕಾಲಿನಿಂದ ಹೊರಡುವ ಸದ್ದು ಮಾಡಬಹುದು. ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರು 'ಒಳಗಡೆ ಬಯಲಾಟ ಆಡೋವಷ್ಟು ಜಾಗ ಅದೆ, ಮುಂದಕ್ಕೆ ಓಗ್ರಪ್ಪ' ಎಂದು ಕೂಗುವುದನ್ನು ಊಟದ ಹೊತ್ತಿನಲ್ಲೂ ಮಾಡಬಹುದು. ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡರೆ ಅದು ಅವರವರ ಕರ್ಮ. ಆದರೆ ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿಗೆ ಒತ್ತಿ, ಗಂಟಲೊಳಗೆ ಒಂದು ನೊಣವನ್ನು ಕೂಡಿಹಾಕಿದಂತೆ ಹೊರಡಿಸುವ ಆ ಒಂದು ದನಿ ಬಂದರೆ ಅಕ್ಕ ಕೈಗೆ ಸಿಕ್ಕಿದ್ದನ್ನು ನನ್ನ ಮೇಲೆ ಎಸೆಯುತ್ತಾಳೆ. ಒಮ್ಮೆ ಚೊಂಬು ಸಿಕ್ಕಿತ್ತು.

ಅದು ಒಂದು ಅಡಾಪ್ಟರಿನ ದನಿ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ದೊಡ್ಡ ಕರೆಂಟನ್ನು ಸಣ್ಣದು ಮಾಡಿಕೊಳ್ಳುತ್ತೇವಲ್ಲ, ಆ ಕರಿ ಡಬ್ಬಿ. ಎಲ್ಲರ ಮನೆಯಲ್ಲೂ ನಾಲ್ಕಾರು ಇರುತ್ತವೆ. ಯಾರೂ ಅವುಗಳ ಮಾತು ಕೇಳಿಸಿಕೊಂಡಿರುವುದಿಲ್ಲ. ಕೇಳಿಸಿಕೊಂಡವನು ನಾನು, ಯಾಕೆಂದರೆ ನನ್ನ ಹೊಟ್ಟೆಪಾಡೇ ಕಿವಿ ಮತ್ತು ಬಾಯಿ. ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಗೂಡ್ಸ್ ಆಟೊಗಳ ಮೇಲೆ ಕಟ್ಟಿದ ಮೈಕಿನಲ್ಲಿ 'ಬನ್ನಿ ಅಕ್ಕ, ಬನ್ನಿ ಅಮ್ಮ, ಈರುಳ್ಳಿ' ಎಂದು ಬಡಕೊಳ್ಳುವ ದನಿಗಳಲ್ಲಿ ಅರ್ಧ ನನ್ನವು. ಈರುಳ್ಳಿಗೆ ಒಂದು ದನಿ, ಹಳೇ ಕಬ್ಬಿಣಕ್ಕೆ ಇನ್ನೊಂದು, ಸೀರೆ ಅಂಗಡಿಗೆ ಮೂಗಿನಿಂದ ಬರುವ ಮಗದೊಂದು. ನನ್ನದೇ ಆದ ದನಿ ಯಾವುದು ಎಂದು ಯಾರಾದರೂ ಕೇಳಿದರೆ ವಸಿ ತಡೀರಿ, ಹುಡುಕಬೇಕು ಅನ್ನುತ್ತಿದ್ದೆ. ಅದನ್ನು ಹುಡುಕಬೇಕಾದ ದಿನ ಬರುತ್ತದೆ ಅಂದುಕೊಂಡಿರಲಿಲ್ಲ.

ಅಕ್ಕ ಮೊದಲನೇ ಬಾಣಂತನಕ್ಕೆ ಚಂದಕವಾಡಿಯಿಂದ ತೆರಕಣಾಂಬಿಯ ನಮ್ಮ ಮನೆಗೆ ಬಂದಿದ್ದಳು. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ನಡುಮನೆಯ ಪಕ್ಕ, ಮೊದಲು ಅರಿಸಿನದ ಮೂಟೆ ಹಾಕುತ್ತಿದ್ದ ಕೋಣೆಯನ್ನು ಸಾರಿಸಿ ಬಾಣಂತಿಗೆ ಕೊಟ್ಟಿದ್ದರು. ಅಜ್ಜಿಯ ಕಾನೂನು ಅಲ್ಲಿ ಪೊಲೀಸ್ ಠಾಣೆಗಿಂತ ಬಿಗಿ. ಕಿಟಕಿ ಮುಚ್ಚಿ ಸಂದಿಗೆ ಗೋಣಿತಾಟು ತುರುಕಬೇಕು, ಅಕ್ಕನ ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಬಾಣಂತಿ ಮೊಬೈಲು ನೋಡಿದರೆ ಕಣ್ಣು ಹೋಗುತ್ತದೆಂದು ಅಕ್ಕನ ಫೋನು ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಬಂಧನದಲ್ಲಿತ್ತು. ಮಧ್ಯಾಹ್ನ ಬಾಗಿಲು ತೆಗೆದು ತಲೆ ಹಾಕಿದರೆ ಬೇಕರಿಯ ಒಲೆಯೊಳಗೆ ಇಣುಕಿದಂತಾಗುತ್ತಿತ್ತು. 'ಅಕ್ಕ, ಬೆಂದ್ಯಾ? ತೆಗೆದು ತಟ್ಟೆಗೆ ಆಕನಾ?' ಎಂದು ನಾನು ಕೇಳುವುದು, 'ನಿನ್ ಮದ್ವೆ ಆಗ್ಲಿ, ನಿನ್ ಎಂಡ್ತಿನೂ ಇಂಗೇ ಬೇಯುಸ್ತೀನಿ ಕಣ್ಲಾ' ಎಂದು ಅಜ್ಜಿ ಉತ್ತರ ಕೊಡುವುದು ದಿನವೂ ನಡೆಯುತ್ತಿತ್ತು.

ಕೂಸು ಮಲಗುತ್ತಿದ್ದದ್ದು ಜೋಲಿಯಲ್ಲಿ. ತೊಲೆಗೆ ಕಟ್ಟಿದ ಅವ್ವನ ಹಳೇ ಸೀರೆ. ತೂಗುವುದು ನಿಲ್ಲಿಸಿದರೆ ಕಿರುಚು. ಅಜ್ಜಿಯ ರಟ್ಟೆ ಬಿದ್ದುಹೋಗುತ್ತಿದೆ ಎಂಬ ಸುದ್ದಿ ಕೇಳಿ ಬಾವ ಒಂದು ದಿನ ದೊಡ್ಡ ಡಬ್ಬ ಹಿಡಿದುಕೊಂಡು ಬಂದರು. ಬಾವನಿಗೆ ಚಂದಕವಾಡಿಯಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಗಂಟಲು ಸರಿ ಮಾಡಿಕೊಳ್ಳದೆ, 'ಒಂದ್ ಮಾತು ಹೇಳ್ತೀನಿ' ಅನ್ನದೆ ಅವರು ನೀರು ಕೂಡ ಕೇಳುವುದಿಲ್ಲ.

'ಹ್ಞುಂ ಹ್ಞುಂ... ಒಂದ್ ಮಾತು ಹೇಳ್ತೀನಿ. ಇದು ಕರೆಂಟ್ ಜೋಲಿ. ಸ್ವಿಚ್ ಹಾಕಿದ್ರೆ ಅದೇ ತೂಗ್ತದೆ. ಅಜ್ಜಿ ಇನ್ನು ಆರಾಮಾಗಿ ಎಲೆ ಹಾಕ್ಕೊಂಡು ಕೂತ್ಕೋಬೋದು.'

'ಯಂತ್ರ ತೂಗಿದ್ ಕೂಸು ನಾಳೆ ಯಂತ್ರನೇ ಅವ್ವ ಅಂದುಬುಟ್ಟಾತು ಕಣಪ್ಪ,' ಎಂದರು ಅಜ್ಜಿ. ಆದರೆ ಅಳಿಯ ತಂದದ್ದು. ನಮ್ಮ ಮನೆಯಲ್ಲಿ ಅಳಿಯ ತಂದದ್ದಕ್ಕೆ ಎದುರಾಡುವ ಪದ್ಧತಿಯಿಲ್ಲ. ತೊಲೆಯ ಕೊಂಡಿಗೆ ಸಣ್ಣ ಡೋಲಿನಂಥ ಮೋಟಾರು ತೂಗುಬಿದ್ದಿತು. ಅದರಿಂದ ಕೆಳಗೆ ಉಕ್ಕಿನ ಸ್ಪ್ರಿಂಗು, ಸ್ಪ್ರಿಂಗಿನ ಕೆಳಗೆ ಸೀರೆಯನ್ನು ಅಗಲಿಸಿ ಹಿಡಿಯುವ ಉಕ್ಕಿನ ಸಲಾಕೆ. ಮೋಟಾರಿನಿಂದ ಹೊರಟ ವೈರು ಗೋಡೆಯ ಮೇಲೆ ಇಳಿದು, ಅಕ್ಕನ ಹಾಸಿಗೆಯ ತಲೆದೆಸೆಯಲ್ಲಿದ್ದ ಸ್ವಿಚ್‌ಬೋರ್ಡಿನ ಅಡಾಪ್ಟರಿಗೆ ಸೇರುತ್ತಿತ್ತು. ಸ್ವಿಚ್ ಹಾಕಿದರೆ ದೊಡ್ಡ ಬೆಕ್ಕೊಂದು ಹೊಟ್ಟೆ ತುಂಬ ಉಂಡು ಗುರುಗುಟ್ಟಿದ ಹಾಗೆ ಸದ್ದು. ಕೂಸು ಆ ಸದ್ದಿಗೆ ಕಣ್ಣು ಮುಚ್ಚುತ್ತಿತ್ತು. ಅದೇ ಸಂಜೆ ನಾನು ಆ ಗುರುಗುರು ಕಲಿತು, ಮೋಟಾರು ನಿಂತಿದ್ದಾಗ ಬಾಗಿಲ ಹಿಂದೆ ಕೂತು ಹಾಡಿ, ಅಜ್ಜಿ ಸ್ವಿಚ್ಚನ್ನು ಮೂರು ಸಲ ಒತ್ತಿ ಒತ್ತಿ ನೋಡುವಂತೆ ಮಾಡಿದೆ.

ಆ ಮೊದಲ ಅಡಾಪ್ಟರು ಹೆಚ್ಚು ದಿನ ಬಾಳಲಿಲ್ಲ. ನಮ್ಮ ಕಡೆ ಹೊಲಗಳಿಗೆ ತ್ರೀ ಫೇಸ್ ಬಿಟ್ಟ ಹೊತ್ತಿಗೆ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಬಾಯಿ ಹಾಕುತ್ತವೆ. ಮನೆಯ ಬಲ್ಬು ಜ್ವರ ಬಂದವರ ಕಣ್ಣಿನಂತೆ ಕುಗ್ಗುತ್ತದೆ. ಅವೆಲ್ಲ ಒಟ್ಟಿಗೆ ನಿಂತಾಗ ಅದೇ ಬಲ್ಬು ಬೆಳ್ಳಗೆ ಉಬ್ಬುತ್ತದೆ. ಬಲ್ಬು ಉಬ್ಬಿದ್ದು ಕಾಣುತ್ತದೆ, ಅಡಾಪ್ಟರು ಉಬ್ಬಿದ್ದು ಕಾಣುವುದಿಲ್ಲ. ಒಂದು ಬೆಳಿಗ್ಗೆ ಅದು ಸದ್ದಿಲ್ಲದೆ ಸತ್ತಿತ್ತು. ಒಳ್ಳೆಯ ಅಡಾಪ್ಟರು ಹಾಗೆಯೇ, ತಾನು ಸಾಯುತ್ತದೆ, ಜೊತೆಗೆ ಯಾರನ್ನೂ ಕರೆದೊಯ್ಯುವುದಿಲ್ಲ. ಇದು ನನಗೆ ಆಮೇಲೆ ತಿಳಿದದ್ದು.

ಬಾವನಿಗೆ ಫೋನು ಮಾಡಿದೆವು. 'ಹ್ಞುಂ ಹ್ಞುಂ... ಒಂದ್ ಮಾತು ಹೇಳ್ತೀನಿ. ಅದಕ್ಯಾಕೆ ತಲೆ ಕೆಡಿಸ್ಕೋತೀರಿ? ಹಳೇದು ತಗೊಂಡೋಗಿ ತೋರ್ಸಿ. ಪಿನ್ ಕೂತ್ರೆ ಸಾಕು.'

ತರಲು ಹೋದವನು ನಾನೇ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಚಾರ್ಜರು, ಇಯರ್‌ಫೋನು, ಕೂಲಿಂಗ್ ಗ್ಲಾಸು ಎಲ್ಲವನ್ನೂ ದ್ರಾಕ್ಷಿ ಗೊಂಚಲಿನಂತೆ ತೂಗುಹಾಕಿದ್ದ ಅಂಗಡಿ. ಅಂಗಡಿಯವನು ಚೆಂಡುಹೂವಿನ ಹೊಲದಲ್ಲಿ ಫೋಟೊ ತೆಗೆಸಿಕೊಳ್ಳಲು ಬಂದ ಕೇರಳದವರ ಹತ್ತಿರ ಮಲಯಾಳದಲ್ಲಿ, ನನ್ನ ಹತ್ತಿರ ಕನ್ನಡದಲ್ಲಿ, ಅವನ ಹೆಂಡತಿಯ ಹತ್ತಿರ ಫೋನಿನಲ್ಲಿ ತಮಿಳಿನಲ್ಲಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದ. ನಾನು ಅವನ ದನಿ ಕದಿಯುವ ಕೆಲಸದಲ್ಲಿ ಮುಳುಗಿದ್ದೆ. ಅವನು ಒಂದು ಅಡಾಪ್ಟರು ತೆಗೆದು, ಹಳೆಯದರ ಪಿನ್ನಿನ ಜೊತೆ ಹೋಲಿಸಿ, ತನ್ನ ಬೋರ್ಡಿಗೆ ಸಿಕ್ಕಿಸಿದ. ನೀಲಿ ದೀಪ ಹತ್ತಿತು.

'ಲೈಟ್ ಬಂತಲ್ಲಣ್ಣ, ಇನ್ನೇನು ಬೇಕು?'

ನನಗೂ ಇನ್ನೇನು ಬೇಕೆಂದು ತೋಚಲಿಲ್ಲ. ಕೈಯಲ್ಲಿ ಹಿಡಿದರೆ ಖಾಲಿ ಬೆಂಕಿಪೊಟ್ಟಣದಷ್ಟು ಹಗುರ. ಮೈತುಂಬ ಗ್ಯಾರಂಟಿಯ ಮುದ್ರೆಗಳು, ಮಠದ ಹುಂಡಿಯ ಬೀಗಕ್ಕೂ ಅಷ್ಟು ಮುದ್ರೆ ಒತ್ತಿರುವುದಿಲ್ಲ. ಬಸ್ಸಿನಲ್ಲಿ ಅದನ್ನು ಮೇಲಕ್ಕೆ ಎಸೆದು ಹಿಡಿಯುತ್ತ ಊರಿಗೆ ಬಂದೆ.

ಪಿನ್ನು ಚೆನ್ನಾಗಿ ಕೂತಿತು. ಜೋಲಿ ತೂಗಿತು. ಆದರೆ ಈ ಸಲ ಬೆಕ್ಕಿನ ಗುರುಗುರುವಿನ ಹಿಂದೆ ಇನ್ನೊಂದು ಸದ್ದಿತ್ತು, ಗೋಡೆಯಿಂದ ಬರುತ್ತಿದ್ದದ್ದು. ಕೂಡಿಹಾಕಿದ ನೊಣ. ನನ್ನನ್ನು ಬಿಟ್ಟು ಯಾರಿಗೂ ಕೇಳಿಸಲಿಲ್ಲ. ಕೇಳಿಸಲೆಂದು ನಾನೇ ಅದನ್ನು ದೊಡ್ಡದಾಗಿ ಮಾಡಿ ತೋರಿಸಿದೆ. ಅವ್ವ ನಕ್ಕಳು. ಅಕ್ಕ, 'ಕಿವಿಗೆ ಅತ್ತಿ ಇಟ್ಟಿರೋದು ಇದ್ಕೇ ಕಣ್ಲಾ, ನಿನ್ ಕಾಟಕ್ಕೆ' ಅಂದಳು.

ಅಜ್ಜಿಗೆ ತಕರಾರಿದ್ದದ್ದು ನೀಲಿ ದೀಪದ ಮೇಲೆ. ಕೂಸು ಅದನ್ನೇ ದಿಟ್ಟಿಸುತ್ತದೆ, ಒಂದೇ ಕಡೆ ದೀಪ ನೋಡಿದರೆ ಮೆಳ್ಳೆಗಣ್ಣಾಗುತ್ತದೆ. ಅದಕ್ಕೆ ಕೂಸಿನ ಒಂದು ಮಡಚಿದ ಬಟ್ಟೆಯನ್ನು ಅಡಾಪ್ಟರಿನ ಮೇಲೆ ಹೊದಿಸಿದರು. ಸಂಜೆ ಆ ಬಟ್ಟೆ ತೆಗೆದರೆ ಬೆಚ್ಚಗಿತ್ತು. ಅಜ್ಜಿಯ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೂಸಿಗೆ ಸ್ನಾನವಾದ ಮೇಲೆ ಅದರ ಬಟ್ಟೆಗಳನ್ನು ಬುಟ್ಟಿ ಮಗುಚಿ, ಕೆಳಗೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಬಿಸಿ ಮಾಡುವುದು ನಮ್ಮಲ್ಲಿ ಪದ್ಧತಿ. ಹೊಗೆಗೆ ಅಜ್ಜಿಗೇ ಕೆಮ್ಮು ಬರುತ್ತಿತ್ತು.

'ನೋಡ್ದಾ? ಒಗೆ ಇಲ್ಲ, ಕೆಂಡ ಇಲ್ಲ. ಅಳೀಮಯ್ಯ ತಂದ ಯಂತ್ರ ಕೂಸ್ನೂ ತೂಗ್ತದೆ, ಬಟ್ಟೆನೂ ಬೆಚ್ಚಗ್ ಮಾಡ್ತದೆ.'

ಅಂದಿನಿಂದ ಅಡಾಪ್ಟರಿಗೂ ಬಾಣಂತನ ಶುರುವಾಯಿತು. ಒಂದರ ಮೇಲೊಂದು ಬಟ್ಟೆ ಹೊದ್ದು, ಗಾಳಿಯಿಲ್ಲದ ಕೋಣೆಯಲ್ಲಿ, ಉಸಿರು ಕಟ್ಟಿಕೊಂಡು ಕೂತಿತು. 'ಅದಕ್ಕೂ ಕಿವಿಗೆ ಅತ್ತಿ ಇಡಜ್ಜಿ' ಎಂದು ತಮಾಷೆ ಮಾಡಿದೆ. ಅಜ್ಜಿ ಅದರ ನೆತ್ತಿಗೆ ಮೂರು ಬೆರಳು ವಿಭೂತಿ ಎಳೆದರು.

ಇನ್ನೊಂದು ವಿಷಯ ಅದೇ ದಿನಗಳಲ್ಲಿ ಶುರುವಾದದ್ದು. ಅಕ್ಕ ಎರೆದುಕೊಂಡು ಬಂದು, ಒದ್ದೆ ಮೈಯಲ್ಲಿ, ಸಾರಿಸಿದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೂಸನ್ನು ಎತ್ತಿಕೊಳ್ಳಲು ಜೋಲಿಯ ಸಲಾಕೆ ಹಿಡಿದರೆ ಬೆರಳುಗಳಲ್ಲಿ ಜುಮ್ ಅನ್ನುತ್ತಿತ್ತು.

'ಅಜ್ಜಿ, ಬೆಳ್ಳೆಲ್ಲ ಜುಮ್ಮಂತವೆ. ಇರುವೆ ಅರಿದಂಗೆ ಆಯ್ತದೆ.'

'ವಾಯು ಕಣಮ್ಮಿ. ಅಸಿ ಬಾಣ್ತಿ, ನರದಲ್ಲಿ ವಾಯು ಸೇರ್ಕೊಂಡದೆ. ಆ ಮಜ್ಗೆ ಕುಡೀಬೇಡ ಅಂದ್ರೆ ಕೇಳ್ದಾ ನೀನು?'

ವಾಯುವಿಗೆ ಔಷಧಿ ಬಂದವು. ಊಟದಲ್ಲಿ ಬೆಳ್ಳುಳ್ಳಿ ಹೆಚ್ಚಿತು, ಮೆಣಸಿನ ಸಾರು ಖಾರವಾಯಿತು, ನೀರು ಕಡಿಮೆಯಾಯಿತು. ಎರೆಯುವ ನೀರು ಇನ್ನೂ ಬಿಸಿಯಾಯಿತು, ಒಂದು ಹಂಡೆ ಹೆಚ್ಚೇ ಆಯಿತು. ಅಂದರೆ ಅಕ್ಕ ಮೊದಲಿಗಿಂತ ಹೆಚ್ಚು ಒದ್ದೆಯಾಗಿ ಬಂದು ಅದೇ ಸಲಾಕೆ ಹಿಡಿಯುತ್ತಿದ್ದಳು. ಜುಮ್ಮು ಜಾಸ್ತಿಯಾಯಿತು. ನಾನು ಅದನ್ನೂ ಬಿಡಲಿಲ್ಲ. ಅಕ್ಕ ಬೆರಳು ಹಿಂದಕ್ಕೆ ಎಳೆದುಕೊಂಡು 'ಸ್ಸ್... ಜುಮ್ಮಂತು' ಅನ್ನುವುದನ್ನು ಹಿತ್ತಿಲಿನಲ್ಲಿ ಪಕ್ಕದ ಮನೆಯವರಿಗೆ ಮಾಡಿ ತೋರಿಸಿ ನಗಿಸಿದೆ.

ಗೋಡೆಯ ನೊಣ ಮಾತ್ರ ದಿನದಿಂದ ದಿನಕ್ಕೆ ದನಿ ಬದಲಿಸುತ್ತಿತ್ತು. ಪಂಪ್‌ಸೆಟ್ಟುಗಳು ಓಡುವಾಗ ಕೆಳಗಿನ ಶ್ರುತಿ. ಅವು ನಿಂತಾಗ ಮೇಲಿನದು. ನಡುವೆ ಒಂದು 'ಟಿಕ್'. ಬೆಂಕಿಕಡ್ಡಿ ಗೀರಿ ಹತ್ತದೆ ಹೋದಾಗಿನಂಥ ಟಿಕ್. 'ಸದ್ದು ಬದಲಾಗದೆ ಕಣವ್ವ, ಇದು ಸರಿ ಇಲ್ಲ' ಎಂದು ನಾನು ಹೇಳಿದ್ದು ನಿಜ. ಆದರೆ ಹೇಳಿದ ಮೇಲೆ ಆ ಸದ್ದನ್ನು ಮಾಡಿ ತೋರಿಸಿದೆ, ಮಾಡಿದ್ದು ಬಹಳ ಚೆನ್ನಾಗಿ ಬಂತು, ಅವ್ವ ಮತ್ತೆ ನಕ್ಕಳು. ನನ್ನ ಕಸುಬಿನ ಶಾಪವೇ ಅದು.

ಒಂದು ಬೆಳಿಗ್ಗೆ ಸೀರೆ ಅಂಗಡಿಯೊಂದರ ಪ್ರಚಾರಕ್ಕೆ ದನಿ ಕೊಡಲು ಚಾಮರಾಜನಗರಕ್ಕೆ ಹೋಗಿದ್ದೆ. ಸ್ಟುಡಿಯೊ ಎಂದರೆ ಮಾಳಿಗೆಯ ಮೇಲೊಂದು ಕೋಣೆ, ಗೋಡೆಗೆಲ್ಲ ಮೊಟ್ಟೆ ಇಡುವ ತಟ್ಟೆ ಅಂಟಿಸಿದ್ದು. ಅದರ ಯಜಮಾನ ಗುಂಡ್ಲುಪೇಟೆ ಕಡೆಯ ಮದ್ದೂರಿನ ಕಾಡಂಚಿನವನು, ನನಗಿಂತ ದೊಡ್ಡ ಬಾಯಿಬಡುಕ. ಕೆಲಸ ಮುಗಿಸಿ ಕಾಫಿ ಬರುವವರೆಗೆ ಹೊಸ ದನಿ ಏನಾದರೂ ಇದ್ದರೆ ಬಿಡು ಅಂದ. ಬಸ್‌ಸ್ಟ್ಯಾಂಡಿನ ಮೂರು ಭಾಷೆಯವನನ್ನು ಮಾಡಿದೆ; ಬಿದ್ದು ಬಿದ್ದು ನಕ್ಕ. ಬಾವನನ್ನು ಮಾಡಿದೆ, ಮೇಜು ಗುದ್ದಿದ. ಆಮೇಲೆ, 'ಇದು ಯಾರು ಹೇಳು ನೋಡನ' ಎಂದು ನೊಣ ಬಿಟ್ಟೆ. ಮೇಲಿನ ಶ್ರುತಿ, ಕೆಳಗಿನ ಶ್ರುತಿ, ಟಿಕ್.

ಅವನು ನಗಲಿಲ್ಲ.

'ಇನ್ನೊಂದ್ ಸಲ ಮಾಡು,' ಅಂದ. ಮಾಡಿದೆ.

'ಅಡಾಪ್ಟರ್ ಅಲ್ವಾ?'

'ನಿಂಗೆಂಗ್ಲಾ ಗೊತ್ತಾಯ್ತು?'

ಅವನು ಎದ್ದು, ಕೀಬೋರ್ಡಿನ ಹಿಂದಿನ ಗೋಡೆಯಲ್ಲಿ ಒಂದು ಮೊಟ್ಟೆ ತಟ್ಟೆಯನ್ನು ಸರಿಸಿದ. ಗೋಡೆ ಕಪ್ಪಗಿತ್ತು. ಒಲೆಯ ಹಿಂದಿನ ಗೋಡೆಯ ಕಪ್ಪಲ್ಲ, ಕೈಚಾಚಿ ಮೇಲಕ್ಕೆ ಹತ್ತಲು ನೋಡಿದವರ ಬೆರಳಿನಂಥ ಕಪ್ಪು. 'ಇಲ್ಲಿದ್ದ ಅಡಾಪ್ಟರಪ್ಪನೂ ಇಂಗೇ ಆಡ್ತಿದ್ದ. ಒಂದ್ ವಾರ ಆಡ್ದ. ಮೈಕಿಂದ ಬರೋ ಸದ್ದು ಅನ್ಕೊಂಡು ನಾನು ಮೈಕ್ ಬಿಚ್ತಾ ಕೂತಿದ್ದೆ. ನಾನು ಊಟಕ್ಕೋಗಿದ್ದಾಗ ಅತ್ಕೊಂಡು ಉರ್ದ. ನಿಮ್ದು ಎಲ್ಲದೆ?'

ಹೇಳಿದೆ. ಜೋಲಿಗೆ ಅಂದಾಗ ಅವನು ಕಾಫಿ ಲೋಟ ಕೆಳಗಿಟ್ಟ. ಮೇಲೆ ಬಟ್ಟೆ ಹೊದಿಸಿದ್ದಾರೆ ಅಂದಾಗ ಕಣ್ಣು ಮುಚ್ಚಿಕೊಂಡ.

'ನಮ್ಮೂರ ಕಡೆ ಕಾಡಿಗೂ ಒಲಕ್ಕೂ ಮಧ್ಯ ಆನೆ ಕಂದಕ ತೋಡವ್ರೆ, ನೋಡಿದೀಯಲ್ಲ? ಅಡಾಪ್ಟರ್ ಒಳಗೂ ಅಂಗೇ ಒಂದು ಕಂದಕ ಇರ್ತದೆ ಕಣ್ಲಾ. ಈ ಕಡೆ ಗೋಡೆ ಕರೆಂಟು, ಅದು ಆನೆ. ಆ ಕಡೆ ನಾವು ಮುಟ್ಟೋ ಸಣ್ಣ ಕರೆಂಟು. ಒಳ್ಳೆ ಮಾಲಿನಲ್ಲಿ ಕಂದಕ ಆಳ. ಕಾಸು ಉಳ್ಸಕ್ಕೆ ಮಾಡಿದ್ರಲ್ಲಿ ಕಂದಕನೇ ಇಲ್ಲ, ಗೆರೆ ಎಳೆದವ್ರೆ ಅಷ್ಟೆ. ಬಿಸಿ ಜಾಸ್ತಿ ಆದಂಗೆಲ್ಲ ಅದೂ ಮುಚ್ಕೋತದೆ. ಆಮೇಲೆ ಆನೆ ಒಲಕ್ಕೆ ಬರ್ತದೆ.' ಆಮೇಲೆ ಕೇಳಿದ: 'ಆ ಜೋಲಿ ಮುಟ್ಟಿದಾಗ ಯಾರಿಗಾದ್ರೂ ಜುಮ್ ಅಂದದಾ?'

ನನ್ನ ಕಿವಿಯಲ್ಲಿ ನನ್ನದೇ ದನಿ ಕೇಳಿಸಿತು. ಹಿತ್ತಿಲಿನಲ್ಲಿ, ಅಕ್ಕನ ಹಾಗೆ, 'ಸ್ಸ್... ಜುಮ್ಮಂತು.' ಮೊದಲೇ ಹೊಲಕ್ಕೆ ಬಂದುಹೋಗುತ್ತಿದ್ದ ಆನೆ. ಅದಕ್ಕೆ ನಾವು ಬೆಳ್ಳುಳ್ಳಿ ತಿನ್ನಿಸುತ್ತಿದ್ದೆವು.

ಗೋಡೆಯ ಗಡಿಯಾರ ನೋಡಿದೆ. ಅದು ಅಕ್ಕನಿಗೆ ಎರೆಯುವ ಹೊತ್ತು.

ಅವ್ವನ ಫೋನಿಗೆ ಮಾಡಿದೆ. ಎತ್ತಿದ್ದು ಅಜ್ಜಿ. ಹಿಂದೆ ಬಚ್ಚಲಿನಲ್ಲಿ ಅವ್ವ ನೀರು ಹೊಯ್ಯುವ ಸದ್ದು, ಅದರ ಆಚೆ ಮೋಟಾರಿನ ಗುರುಗುರು.

'ಅಜ್ಜಿ, ಜೋಲಿ ಮೋಟಾರು ನಿಲ್ಸು. ಮೇನ್ ಸ್ವಿಚ್ಚು ಇಳ್ಸು. ಅಕ್ಕ ಅದ ಮುಟ್ಟಕೂಡ್ದು.'

'ಯಾರು? ಲೈನ್‌ಮೆನ್ನಾ?' ಎಂದು ಅಜ್ಜಿ ಕಿಸಕ್ಕನೆ ನಕ್ಕರು. ಹೋದ ತಿಂಗಳು ಲೈನ್‌ಮೆನ್ನಿನ ದನಿಯಲ್ಲಿ ಫೋನು ಮಾಡಿ, ಟಿ.ವಿ. ಆಫ್ ಮಾಡದಿದ್ದರೆ ಟ್ರಾನ್ಸ್‌ಫಾರ್ಮರು ಸಿಡಿಯುತ್ತದೆ ಎಂದು ಅಜ್ಜಿಯ ಧಾರಾವಾಹಿ ನಿಲ್ಲಿಸಿದ್ದವನು ನಾನೇ. 'ಒಂದ್ ಸಲ ಯಾಮಾರ್ದೆ. ಇನ್ನೊಂದ್ ಸಲ ಯಾಮಾರಕಿಲ್ಲ ಕಣ್ಲಾ.'

'ಅಜ್ಜಿ, ಇದು ನಾನೇ. ನಿಜವಾಗ್ಲೂ ನಾನೇ. ನಿನ್ ಕಾಲಿಗ್ ಬೀಳ್ತೀನಿ.'

'ಅಳೋದ ಚೆನ್ನಾಗ್ ಕಲ್ತಿದೀಯ ಕಣ್ಲಾ. ಅಂಗೇ ನಡುಗ್ತದೆ ದನಿ. ವಸಿ ಇರು, ಕೂಸು ಎದ್ದದೆ, ಕೊಸ್ರಾಡ್ತದೆ. ಇವ್ಳು ಎರ್ಕಂಡು ಬಂದು ಎತ್ಕತ್ತಾಳೆ.' ಫೋನು ಇಟ್ಟರು. ಮತ್ತೆ ಮಾಡಿದೆ. ಎತ್ತಲಿಲ್ಲ. ಅಪ್ಪನಿಗೆ ಮಾಡಿದೆ. ಅವರ ಫೋನು ಹೊಲದಲ್ಲಿ ಯಾವತ್ತು ಕೇಳಿಸಿದೆ?

ಅದೇ ಮೊದಲ ಸಲ ನಾನು ನನ್ನ ಸ್ವಂತ ದನಿಯಲ್ಲಿ ಮಾತಾಡಿದ್ದು. ಮನೆಯವರಿಗೆ ಅದು ಗುರುತೇ ಸಿಗಲಿಲ್ಲ.

ಸ್ಟುಡಿಯೊದವನು ತನ್ನ ಫೋನು ನನ್ನ ಮುಂದೆ ಹಿಡಿದ. 'ನಿನ್ ಮಾತು ಕೇಳಲ್ಲ. ಯಾರ್ ಮಾತು ಕೇಳ್ತಾರೆ?'

ಎರಡನೇ ರಿಂಗಿಗೆ ಅಜ್ಜಿ ಎತ್ತಿದರು. ಗೊತ್ತಿಲ್ಲದ ನಂಬರು. ನಾನು ಗಂಟಲು ಸರಿ ಮಾಡಿಕೊಂಡೆ.

'ಹ್ಞುಂ ಹ್ಞುಂ... ಅಜ್ಜಿ, ನಾನು ಚಂದಕವಾಡಿಯಿಂದ. ಬೇರೆಯವರ ಫೋನಿಂದ ಮಾಡ್ತಿದೀನಿ. ಒಂದ್ ಮಾತು ಹೇಳ್ತೀನಿ.'

'ಹೇಳಪ್ಪ, ಹೇಳಪ್ಪ.' ದನಿಯಲ್ಲೇ ಗೊತ್ತಾಯಿತು, ಅಜ್ಜಿ ಸೆರಗು ತಲೆಯ ಮೇಲೆ ಎಳೆದುಕೊಂಡರು.

'ಈಗಿಂದೀಗ್ಲೇ ಮೇನ್ ಇಳ್ಸಿ. ಆ ಜೋಲಿ ಬೋರ್ಡ್ ಮುಟ್ಟಬೇಡಿ. ಮೊದ್ಲು ಮೇನು, ಆಮೇಲೆ ಕೂಸು.'

'ಅಯ್ಯೋ, ಕೂಸು ಅಳ್ತದಲ್ಲಪ್ಪ, ಮೊದ್ಲು ಎತ್ಕೊಂಡು...'

'ಮೊದ್ಲು ಮೇನು!' ಬಾವ ಜೀವನದಲ್ಲಿ ಅಷ್ಟು ಜೋರಾಗಿ ಮಾತಾಡಿದವರಲ್ಲ. ಆ ಕ್ಷಣಕ್ಕೆ ಅವರಿಗಿಂತ ದೊಡ್ಡ ಅಳಿಯ ನಾನಾಗಿದ್ದೆ.

ಅಜ್ಜಿಗೆ ಮೇನು ಎಟುಕುವುದಿಲ್ಲ. ಫೋನು ಕೈಯಲ್ಲೇ ಇತ್ತು. ಅಡಿಗೆಮನೆಗೆ ಓಡುವ ಸದ್ದು, ಏನೋ ಬಿದ್ದ ಸದ್ದು. ಬಚ್ಚಲಿನಲ್ಲಿ ನೀರು ನಿಂತಿತ್ತು. ಅಂದರೆ ಎರೆದಾಗಿತ್ತು. ಅವ್ವ, 'ತಲೆ ಒರುಸ್ಕೊಳಮ್ಮಿ ಮೊದ್ಲು' ಅನ್ನುತ್ತಿದ್ದಳು. 'ಕೂಸು ಅಳ್ತದೆ ಬುಡವ್ವ' ಎಂದು ಅಕ್ಕನ ದನಿ ಹತ್ತಿರ ಹತ್ತಿರ ಬಂದು ಕೋಣೆಯ ಕಡೆ ದಾಟಿತು. ಗುರುಗುರು ನಡೆದೇ ಇತ್ತು. ಕಟ್ಟಿಗೆ ಕಬ್ಬಿಣಕ್ಕೆ ತಾಗಿದ ಸದ್ದು. ಮತ್ತೊಮ್ಮೆ. 'ಠಕ್.' ಗುರುಗುರು ನಿಂತಿತು.

'ಇಳುಸ್ದೆ ಕಣಪ್ಪ, ಮುದ್ದೆ ಕೋಲಲ್ಲಿ...' ಅಜ್ಜಿ ಏದುತ್ತಿದ್ದರು. ಆಮೇಲೆ ಬೇರೆಯೇ ದನಿಯಲ್ಲಿ, 'ಇದೇನ್ರಮ್ಮಿ, ಸೀದ ವಾಸ್ನೆ?' ಫೋನು ಎಲ್ಲೋ ಬಿತ್ತು. ಕೂಸು ಅಳುತ್ತಿದ್ದದ್ದು ನಿಂತಿತು. ಲೈನು ಹೋಯಿತು.

ಮತ್ತೆ ಯಾರೂ ಎತ್ತಲಿಲ್ಲ. ಚಾಮರಾಜನಗರದಿಂದ ತೆರಕಣಾಂಬಿಯವರೆಗೆ ಆ ಬಸ್ಸಿನಲ್ಲಿ ನಾನು ಒಂದೇ ಒಂದು ದನಿಯನ್ನೂ ತೆಗೆಯಲಿಲ್ಲ. ಪರಿಚಯದ ಕಂಡಕ್ಟರು, 'ಏನ್ಲಾ, ನಾಲಿಗೆ ಅಡ ಇಟ್ಯಾ?' ಎಂದು ಕೇಳಿ ಟಿಕೆಟ್ ಹರಿದು ಕೊಟ್ಟು ಹೋದ. ಕೂಸಿನ ಅಳು ಯಾಕೆ ನಿಂತಿತು ಎಂಬುದಕ್ಕೆ ಎರಡೇ ಕಾರಣಗಳಿದ್ದವು. ಒಂದನ್ನು ನೆನೆಯುತ್ತ, ಇನ್ನೊಂದನ್ನು ನೆನೆಯದಿರಲು ನೋಡುತ್ತ, ಕಿಟಕಿಯ ಸರಳನ್ನು ಹಿಡಿದಿದ್ದೆ. ಸರಳು ಇಂಜಿನ್ನಿಗೆ ನಡುಗುತ್ತಿತ್ತು. ಬೆರಳಿನಲ್ಲಿ ಜುಮ್ಮೆಂದಂತಾಗಿ ಕೈ ತೆಗೆದುಬಿಟ್ಟೆ.

ಮನೆಯ ಮುಂದೆ ಜನ ಸೇರಿರಲಿಲ್ಲ. ಅದನ್ನು ನೋಡಿದ ಮೇಲೆಯೇ ನಾನು ಹೊಸಿಲು ದಾಟಿದ್ದು.

ಅಕ್ಕ ನಡುಮನೆಯಲ್ಲಿ, ಬಾಣಂತಿ ಕೂರಬಾರದ ಗಾಳಿಯಲ್ಲಿ, ತೆರೆದ ಬಾಗಿಲಿಗೆ ಎದುರಾಗಿ ಕೂತಿದ್ದಳು. ತಲೆಯ ಬಟ್ಟೆ ಇಲ್ಲ, ಕಿವಿಯ ಹತ್ತಿ ಇಲ್ಲ. ಕೂಸು ಅವಳ ಎದೆಗೆ ಬಾಯಿ ಹಾಕಿಕೊಂಡು ಲೋಕದ ಗೊಡವೆ ಇಲ್ಲದೆ ಹಾಲು ಕುಡಿಯುತ್ತಿತ್ತು. ಅಜ್ಜಿ ಮೂಲೆಯಲ್ಲಿ ಕೂತಿದ್ದರು, ಮುದ್ದೆ ಕೋಲು ಇನ್ನೂ ತೊಡೆಯ ಮೇಲಿತ್ತು.

'ಕರೆಂಟ್ ಓದಾಗ ನನ್ ಕೈ ಸಲಾಕೆ ತಾವ ಇತ್ತು ಕಣ್ಲಾ,' ಅಂದಳು ಅಕ್ಕ. 'ಮುಟ್ಟಿರ್ಲಿಲ್ಲ. ಇಷ್ಟೇ.' ಬೆರಳುಗಳ ನಡುವೆ ಒಂದು ಸಂದು ಮಾಡಿ ತೋರಿಸಿದಳು. ನಾನು ಆ ಸಂದನ್ನು ನೋಡುತ್ತ ನಿಂತೆ. ಒಂದು ಅರಿಸಿನದ ಕೊಂಬು ಅದರಲ್ಲಿ ಹಿಡಿಯುತ್ತಿರಲಿಲ್ಲ.

ಕೋಣೆಯಲ್ಲಿ ಹಳೇ ಅರಿಸಿನದ ವಾಸನೆಯ ಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಕೂತಿತ್ತು. ಅಡಾಪ್ಟರಿನ ಮೇಲಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದೆ. ಮೇಲಿನದು ಬೆಳ್ಳಗಿತ್ತು. ಅದರ ಕೆಳಗಿನದು ಹಳದಿ. ಅದರ ಕೆಳಗಿನದು ಕಂದು. ಕೊನೆಯದರಲ್ಲಿ ನಡುವೆ ಬಟ್ಟೆಯೇ ಇರಲಿಲ್ಲ, ಅಂಚು ಕಪ್ಪಾದ ಒಂದು ತೂತು. ಡಬ್ಬಿಯ ಒಂದು ಮಗ್ಗುಲು ಬೆಲ್ಲದಂತೆ ಇಳಿದುಹೋಗಿತ್ತು. ವಿಭೂತಿಯ ಮೂರು ಗೆರೆಗಳೂ ಸೊಟ್ಟಗಾಗಿ ಕೆಳಕ್ಕೆ ಜಾರಿದ್ದವು. ಅದರಿಂದ ಒಂದು ಗೇಣು ಕೆಳಗೆ ಅಕ್ಕನ ಹಾಸಿಗೆ, ಹತ್ತಿಯದು.

ಆಮೇಲೊಂದು ಮಧ್ಯಾಹ್ನ ಜಗಲಿಯ ಮೇಲೆ ಕೂತು, ಸತ್ತ ಎರಡನ್ನೂ ಒಡೆದು ನೋಡಿದೆ. ಮೊದಲಿನದರಲ್ಲಿ ಒಂದು ಸಣ್ಣ ಉರುಳೆಯ ನೆತ್ತಿ ಉಬ್ಬಿತ್ತು, ಅಷ್ಟೇ. ಸಂತೆಯ ದಿನದ ಬಸ್ಸಿನಂತೆ ಒಳಗೆಲ್ಲ ಸಾಮಾನು ತುಂಬಿತ್ತು. ನಡುವೆ ಅಗಲವಾದ ಖಾಲಿ ಜಾಗ, ಹಲಗೆಯಲ್ಲೇ ಕೊರೆದ ಒಂದು ಸೀಳು. ಕಂದಕ. ನಾನು ತಂದದ್ದರಲ್ಲಿ ಅರ್ಧ ಡಬ್ಬಿ ಖಾಲಿ. ಫ್ಯೂಸು ಇರಬೇಕಾದ ಕಡೆ ಒಂದು ಬರೀ ತಂತಿ. ಆನೆಯ ಕಡೆಗೂ ನಮ್ಮ ಕಡೆಗೂ ನಡುವೆ ಉಗುರಿನಷ್ಟೂ ಜಾಗವಿಲ್ಲ, ಆ ಜಾಗವೂ ಕರಿಮಸಿ. ಮುದ್ರೆಗಳು ಮಾತ್ರ ಒಂದೂ ಅಳಿಸಿರಲಿಲ್ಲ.

ಭಾನುವಾರ ಬಾವ ಬಂದರು. ಅಜ್ಜಿ ಬಾಗಿಲಲ್ಲೇ ಕೈಮುಗಿದು, 'ನೀವು ವತ್ಗೆ ಸರ್ಯಾಗಿ ಫೋನ್ ಮಾಡ್ಲಿಲ್ಲ ಅಂದಿದ್ರೆ ನಮ್ ಮನೆ ದೀಪ ಆರೋಗ್ತಿತ್ತು ಕಣಪ್ಪ' ಎಂದರು. ಬಾವ ಒಂದು ಗಳಿಗೆ ನನ್ನ ಕಡೆ ನೋಡಿದರು. ನಾನು ತೊಲೆ ನೋಡಿದೆ.

'ಹ್ಞುಂ ಹ್ಞುಂ... ನನಗೆ ಅವತ್ತು ಬೆಳಿಗ್ಗೆಯಿಂದ ಯಾಕೋ ಮನಸ್ಸೇ ಸರಿ ಇರ್ಲಿಲ್ಲ,' ಎಂದರು ಬಾವ. ನನ್ನನ್ನೂ ಮೀರಿಸುವ ಮಿಮಿಕ್ರಿ ಕಲಾವಿದ ನಮ್ಮ ಮನೆಯಲ್ಲೇ ಇದ್ದಾನೆಂದು ಅವತ್ತು ಗೊತ್ತಾಯಿತು. ಆಮೇಲೆ ಅವರು ಜೇಬಿನಿಂದ ಹೊಸ ಅಡಾಪ್ಟರು ತೆಗೆದು ಅಕ್ಕನ ಮುಂದಿಟ್ಟರು. ಹಗುರವಾಗಿತ್ತು, ಕಾಗದದ ದೋಣಿ ಇಟ್ಟಂತೆ ಇಟ್ಟರು. 'ಒಂದ್ ಮಾತು ಹೇಳ್ತೀನಿ. ಇದು ಹಂಗಲ್ಲ. ಪಿನ್ ನೋಡು, ಎಷ್ಟು ಚೆನ್ನಾಗಿ ಕೂರ್ತದೆ.'

ಅಕ್ಕ ಕೂಸನ್ನು ಅವರ ಕೈಗೆ ಕೊಟ್ಟು, ಸ್ಟೂಲು ಹತ್ತಿ, ಮೋಟಾರು, ಸ್ಪ್ರಿಂಗು, ಸಲಾಕೆ ಎಲ್ಲವನ್ನೂ ಬಿಚ್ಚಿ ಕೆಳಗಿಟ್ಟಳು. ಹಳೇ ಸೀರೆಯನ್ನು ತೊಲೆಗೆ ಹಗ್ಗದಲ್ಲಿ ಕಟ್ಟಿ, ಸೀರೆ ಅಗಲಿಸಲು ನಡುವೆ ಅಜ್ಜಿಯ ಮುದ್ದೆ ಕೋಲನ್ನೇ ಅಡ್ಡ ಇಟ್ಟಳು. ಒಂದು ದಾರ ಕಟ್ಟಿ ಅದರ ತುದಿಯನ್ನು ನನ್ನ ಕಡೆ ಎಸೆದಳು. 'ಇಡ್ಕೊಂಡು ಎಳಿ.'

ಎಳೆದೆ. ಕೂಸು ಮಲಗಲಿಲ್ಲ. ಅದಕ್ಕೆ ಗುರುಗುರು ಬೇಕಿತ್ತು. ಅಜ್ಜಿ ಹೆದರಿದ್ದಂತೆಯೇ ಆಗಿತ್ತು. ಕಿರುಚಿ ಕಿರುಚಿ ನೀಲಿಗಟ್ಟುವಂತಾದಾಗ ಅಕ್ಕನೇ, 'ಆ ಸದ್ದು ಮಾಡ್ಲಾ' ಅಂದಳು. ಹೊಟ್ಟೆ ತುಂಬಿದ ಬೆಕ್ಕನ್ನು ಗಂಟಲಿಗೆ ತಂದುಕೊಂಡು ಶುರು ಮಾಡಿದೆ. ಕೂಸಿನ ಅಳು ಇಳಿಯಿತು, ರೆಪ್ಪೆ ಭಾರವಾಯಿತು. ಅಂದಿನಿಂದ ಅದು ನನ್ನ ಕೆಲಸ. ಊರಿಗೆಲ್ಲ ಈರುಳ್ಳಿ ಮಾರುವ ಗಂಟಲು ಮನೆಯಲ್ಲಿ ಮೋಟಾರು. ಯಾರೂ ನಗುವುದಿಲ್ಲ.

ಬಾವ ತಂದದ್ದು ಅವತ್ತಿನಿಂದ ನಡುಮನೆಯ ಗೂಡಿನಲ್ಲಿದೆ. ಎಸೆಯಲು ಅಜ್ಜಿ ಬಿಡುವುದಿಲ್ಲ, ಅಳಿಯ ತಂದದ್ದು. ಒಂದು ಸಂಜೆ ದಾರ ಎಳೆಯುತ್ತ, ಗುರುಗುಡುತ್ತ, ಅದನ್ನೇ ನೋಡುತ್ತಿದ್ದೆ. ಪಂಪ್‌ಸೆಟ್ಟುಗಳು ಒಟ್ಟಿಗೆ ನಿಂತವು. ಬಲ್ಬು ಬೆಳ್ಳಗೆ ಉಬ್ಬಿತು. ಯಾವಾಗ, ಹೇಗೆ ಎಂದು ಗೊತ್ತಿಲ್ಲ, ನನ್ನ ನಾಲಿಗೆ ತಾನಾಗಿ ಮೇಲಿನ ಹಲ್ಲಿಗೆ ಹೋಗಿ ಅಂಟಿಕೊಂಡಿತ್ತು. ಬೆಕ್ಕಿನ ಹಿಂದಿನಿಂದ ನೊಣ ಎದ್ದಿತು. ಟಿಕ್.

ಕೂಸು ಮಲಗಿತೇ ಎಂದು ಬಗ್ಗಿ ನೋಡಲು ಜೋಲಿಯ ಮುದ್ದೆ ಕೋಲು ಹಿಡಿದಿದ್ದ ಅಕ್ಕನ ಕೈ ಕೆಂಡ ಮುಟ್ಟಿದಂತೆ ಹಿಂದಕ್ಕೆ ಹಾರಿತು. ಕಟ್ಟಿಗೆಯದು, ಕರೆಂಟಿಗೆ ಸಂಬಂಧವೇ ಇಲ್ಲದ್ದು. ಬೆರಳುಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅವಳು ನನ್ನನ್ನು ನೋಡಿದಳು. ಕೂಸು ಮಾತ್ರ ಆ ಸದ್ದಿಗೆ ಇನ್ನೂ ಸುಖವಾಗಿ ನಿದ್ದೆಗೆ ಇಳಿಯುತ್ತಿತ್ತು.